ನಾಲ್ಕು ಗಂಟೆಗೆ ಗಾಡಿ ನಿಲ್ಲಿಸು

ಮೊದಲ ದಿನ: ಓಶ್

ಬುಕ್ ಮಾಡಿದ್ದ ರೂಮು ಇರಲೇ ಇಲ್ಲ. ಫೋನು ತೋರಿಸಿದ ಜಾಗದಲ್ಲಿ ಇದ್ದದ್ದು ಟೈರ್ ಅಂಗಡಿ. ಅಂಗಡಿಯವನು ನನ್ನ ಫೋನ್ ಇಸ್ಕೊಂಡು ರೂಮಿನ ಫೋಟೋಗಳನ್ನು ಒಂದೊಂದಾಗಿ ನೋಡಿದ. ಬಿಳಿ ಹಾಸಿಗೆ, ಹೂದಾನಿ, ದೊಡ್ಡ ಕಿಟಕಿ. ಬಹಳ ಚೆನ್ನಾಗಿದೆ ಅನ್ನುವ ಹಾಗೆ ಹೆಬ್ಬೆರಳು ಎತ್ತಿ ಫೋನ್ ವಾಪಸ್ ಕೊಟ್ಟ.

ಭಾವ ಹೆಲ್ಮೆಟ್ ಕೂಡ ತೆಗೆಯದೆ ನನ್ನನ್ನೇ ನೋಡುತ್ತಿದ್ದರು.

"ದುಡ್ಡು ಕಟ್ಟಿದ್ದೀಯೇನಯ್ಯ?"

"ಕಟ್ಟಿದ್ದೀನಿ ಭಾವ."

"ಸರಿ ಬಿಡು. ಟೈರ್ ಮೇಲೆ ಮಲಗೋಣ."

ಅದು 2019ರ ಜುಲೈ. ಕಿರ್ಗಿಸ್ತಾನದ ಓಶ್‌ನಿಂದ ತಜಿಕಿಸ್ತಾನದ ದುಶಾಂಬೆವರೆಗೆ ಪಾಮಿರ್ ಹೆದ್ದಾರಿಯಲ್ಲಿ ಹೋಗುವ ಯೋಜನೆ. ಎರಡು ಬಾಡಿಗೆ ಬೈಕು. ನಡುವೆ ಹೆದ್ದಾರಿ ಬಿಟ್ಟು ಅಫ್ಘಾನಿಸ್ತಾನದ ಗಡಿಯ ವಖಾನ್ ಕಣಿವೆಗೂ ಇಳಿಯುವ ಆಸೆ. ಎಲ್ಲ ಸೇರಿ ಹತ್ತಿರ ಹತ್ತಿರ 1500 ಕಿಲೋಮೀಟರ್. ಘಾಟಿಗಳ ಎತ್ತರ ನನಗೆ ಬಾಯಿಪಾಠ ಆಗಿತ್ತು. ಯಾವ ಟೈರಿಗೆ ಎಷ್ಟು ಗಾಳಿ ಅಂತ ಬರೆದಿಟ್ಟುಕೊಂಡಿದ್ದೆ. ರಾತ್ರಿ ಎಲ್ಲಿ ಮಲಗೋದು ಅನ್ನುವುದನ್ನು ಮಾತ್ರ ಆಮೇಲೆ ನೋಡೋಣ ಅಂತ ಬಿಟ್ಟಿದ್ದೆ. ಭಾವನಿಗೆ ಐವತ್ತೆರಡು. ಹೊರಡುವಾಗ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ಇವರನ್ನ ನೆಲದ ಮೇಲೆ ಮಲಗಿಸಬೇಡ ಕಣೋ, ಸೊಂಟ ಹಿಡ್ಕೊಳ್ಳತ್ತೆ" ಅಂದಿದ್ದಳು. ಭಾವನ ಬೇಡಿಕೆ ಎರಡೇ: ಬಿಸಿನೀರು, ಕಮೋಡು.

ಕೊನೆಗೆ ದಾರಿ ತೋರಿಸಿದ್ದೂ ಟೈರ್ ಅಂಗಡಿಯವನೇ. ಯಾರಿಗೋ ಫೋನ್ ಮಾಡಿದ. ಅಂಗಡಿ ಬಾಗಿಲು ಎಳೆದು ಹಳೇ ಕಾರು ಹತ್ತಿ ಮುಂದೆ ಹೊರಟ. ನಾಲ್ಕು ಗಲ್ಲಿ ದಾಟಿ ಒಂದು ಎತ್ತರದ ನೀಲಿ ಗೇಟಿನ ಮುಂದೆ ನಿಂತ. ಗೇಟು ತೆಗೆದ ಅಜ್ಜಿ ಮೊದಲು ನಮ್ಮ ಮುಖ ನೋಡಲಿಲ್ಲ, ಬೈಕ್ ನೋಡಿದರು. ಚಿಕ್ಕ ಬಾಗಿಲು ಮುಚ್ಚಿ, ದೊಡ್ಡ ಗೇಟಿನ ಎರಡೂ ರೆಕ್ಕೆ ತೆಗೆದರು. ಆಮೇಲೆ ನಮ್ಮ ಕಡೆ ತಿರುಗಿ ನಕ್ಕರು.

ಒಳಗೆ ಅಂಗಳ, ಮೇಲೆ ದ್ರಾಕ್ಷಿ ಚಪ್ಪರ. ಚಪ್ಪರದ ಕೆಳಗೆ ಟಾಪ್ಚಾನ್, ಅಂದರೆ ಊಟಕ್ಕೂ ಹರಟೆಗೂ ನಿದ್ದೆಗೂ ಆಗುವ ಮರದ ದೊಡ್ಡ ಜಗಲಿ ಮಂಚ. ಗೋಡೆಯ ಆಚೆ ಊರ ನಡುವಿನ ಸುಲೈಮಾನ್-ತೂ ಬೆಟ್ಟದ ತುದಿ ಕಾಣುತ್ತಿತ್ತು. 2009ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಬೆಟ್ಟ. ನಾವು ಅದನ್ನು ಹತ್ತಲಿಲ್ಲ. ಹತ್ತದೇ ಇರುವುದಕ್ಕೆ ಭಾವ ಸೊಂಟದ ಕಾರಣ ಕೊಟ್ಟರು, ನಾನು ಕೊಡಲಿಲ್ಲ.

ಅಂಗಳದಲ್ಲಿ ಎದುರು ದಿಕ್ಕಿನಿಂದ ಬಂದ ಒಬ್ಬ ಸವಾರ ಕೂತು ಚೈನು ತೊಳೆಯುತ್ತಿದ್ದ. ಮೂಗಿನ ಸಿಪ್ಪೆ ಸುಲಿದಿತ್ತು. ರಾತ್ರಿ ತಂಗುವ ಜಾಗಗಳ ಬಗ್ಗೆ ಕೇಳಿದೆ. ಹೋಟೆಲ್ ಹೆಸರು ಹೇಳುತ್ತಾನೆ ಅಂದುಕೊಂಡಿದ್ದೆ. ಅವನು ಹೇಳಿದ್ದು ಒಂದೇ ಮಾತು: ನಾಲ್ಕು ಗಂಟೆಗೆ ಗಾಡಿ ನಿಲ್ಲಿಸು. ಮಧ್ಯಾಹ್ನದ ಮೇಲೆ ಹಿಮ ಕರಗಿ ಹಳ್ಳಗಳಲ್ಲಿ ನೀರು ಏರುತ್ತದೆ. ಗಾಳಿಯೂ ಏಳುತ್ತದೆ. ಅಲ್ಲಿ ಸಿಗುವುದು ಜನರ ಮನೆಗಳೇ ಹೊರತು ಹೋಟೆಲ್ ಅಲ್ಲ. ಅವರಿಗೂ ಒಲೆ ಹಚ್ಚಿ ಇಬ್ಬರಿಗೆ ಜಾಸ್ತಿ ಅಡುಗೆ ಮಾಡಲು ಹೊತ್ತು ಬೇಡವೇ? ಕತ್ತಲಾದ ಮೇಲೆ ಬಾಗಿಲು ತಟ್ಟಿದರೆ ಬೇಡ ಅನ್ನುವುದಿಲ್ಲ, ಆದರೆ ಮನೆಯವರು ತಮ್ಮ ಪಾಲಿನದನ್ನು ಬಡಿಸುತ್ತಾರೆ ಅಂದ.

ಅಜ್ಜಿಯ ಮೊಮ್ಮಗಳು ನನಗೆ ಎರಡು ರಷ್ಯನ್ ಪದ ಕಲಿಸಿದಳು. 'ಮೋಝ್ನ ನಚೆವಾತ್?' ರಾತ್ರಿ ಉಳಿಯಬಹುದಾ? ಭಾವ ಸಸ್ಯಾಹಾರಿ. ಅವರು ಬೇರೆ ಎರಡು ಪದ ಕಲಿತರು: 'ಬ್ಯೆಜ್ ಮ್ಯಾಸ', ಮಾಂಸ ಇಲ್ಲದ್ದು. ಈ ನಾಲ್ಕು ಪದಗಳ ಮೇಲೆ ನಮ್ಮ ಸಂಸಾರ ನಡೆಯಬೇಕಿತ್ತು.

ಎರಡು, ಮೂರನೇ ದಿನ: ಸಾರಿ-ತಾಶ್

ಓಶ್ ಇರುವುದು ಸುಮಾರು 1000 ಮೀಟರ್ ಎತ್ತರದಲ್ಲಿ. 185 ಕಿಲೋಮೀಟರ್ ದೂರದ ಸಾರಿ-ತಾಶ್ 3170 ಮೀಟರ್. ನಡುವೆ 3615 ಮೀಟರ್‌ನ ತಲ್ದಿಕ್ ಘಾಟಿ. ಡಾಂಬರು ನುಣ್ಣಗಿತ್ತು, ಮಧ್ಯಾಹ್ನ ಎರಡಕ್ಕೇ ತಲುಪಿದೆವು. ಭಾವ ಇನ್ನೂ ಮುಂದೆ ಹೋಗೋಣ ಅಂದರು. ನಾನು ಬೇಡ ಅಂದೆ. ಎರಡು ರಾತ್ರಿ ಇಲ್ಲೇ ಅಂದಾಗ ಅವರಿಗೆ ಸಿಟ್ಟು ಬಂತು. ನೋಡಲು ಏನೂ ಇಲ್ಲದ ಊರಲ್ಲಿ ಎರಡು ದಿನ ಯಾಕೆ?

ಮುಂದಿನ ತಂಗುವ ಊರು 3900 ಮೀಟರ್ ಮೇಲಿದೆ, ಅದಕ್ಕೇ. ಮೂರು ಸಾವಿರ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅಂತಾರೆ. ಹಗಲು ಎಷ್ಟು ಹತ್ತಿ ಇಳಿದರೂ ನಡೆಯುತ್ತದೆ. ಮಲಗುವ ಎತ್ತರವೇ ಮುಖ್ಯ. ಈ ದಾರಿಯಲ್ಲಿ ಎಲ್ಲಿ ತಂಗಬೇಕು ಅಂತ ನಿರ್ಧಾರ ಮಾಡುವುದು ಅರ್ಧ ಪಾಲು ಶ್ವಾಸಕೋಶವೇ.

ನೋಡಲು ಏನೂ ಇಲ್ಲ ಅಂದದ್ದು ತಪ್ಪಾಯಿತು. ಬೆಳಿಗ್ಗೆ ಕಿಟಕಿ ಪರದೆ ಸರಿಸಿದರೆ ದಕ್ಷಿಣಕ್ಕೆ ಉದ್ದಕ್ಕೂ ಹಿಮದ ಗೋಡೆ. ಅದರಲ್ಲಿ ಒಂದು ಲೆನಿನ್ ಶಿಖರ, 7134 ಮೀಟರ್. ಭಾವ ಇಡೀ ದಿನ ಹೊರಗೆ ಕುರ್ಚಿ ಹಾಕಿಕೊಂಡು ಅದರ ಎದುರು ಕೂತರು. ಕಮೋಡಿನ ವಿಷಯ ಎತ್ತಲಿಲ್ಲ. ಅಂಗಳದ ಆಚೆ ತುದಿಯಲ್ಲಿ ಹಲಗೆ ಗೂಡು, ಹಲಗೆಯಲ್ಲಿ ಒಂದು ತೂತು, ಅಷ್ಟೇ. ಮನೆಯಲ್ಲಿ ಊಟ ತಿಂಡಿ ಸೇರಿ ತಲೆಗೆ ದಿನಕ್ಕೆ ಕಿರ್ಗಿಜ್ ದುಡ್ಡಲ್ಲಿ 1000 ಸೋಮ್ ಕೊಟ್ಟೆವು.

ನಾಲ್ಕನೇ ದಿನ: ಕರಕುಲ್

ಕಿರ್ಗಿಜ್ ಗಡಿ ಠಾಣೆಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು. ತಜಿಕ್ ಠಾಣೆ ಇನ್ನೂ 20 ಕಿಲೋಮೀಟರ್ ಆಚೆ, 4280 ಮೀಟರ್ ಎತ್ತರದ ಕಿಜಿಲ್-ಆರ್ಟ್ ಘಾಟಿಯ ಹತ್ತಿರ. ನಡುವೆ ಕೆಂಪು ಮಣ್ಣಿನ ದಾರಿ, ಹಿಂದಿನ ರಾತ್ರಿಯ ಮಳೆಗೆ ಪಾಕದ ಹಾಗೆ ಆಗಿತ್ತು. ಅಲ್ಲಿ ಭಾವ ನಿಧಾನಕ್ಕೆ, ಬಹಳ ಮರ್ಯಾದೆಯಿಂದ ಎಡಕ್ಕೆ ಬಿದ್ದರು. ಪೆಟ್ಟಾಗಲಿಲ್ಲ. ಕ್ಲಚ್ ಲಿವರ್ ತುದಿ ಮುರಿಯಿತು. ಬೈಕ್ ಎತ್ತಿ ನಿಲ್ಲಿಸುವಷ್ಟರಲ್ಲಿ ಇಬ್ಬರಿಗೂ ಏದುಸಿರು.

"ಅಲ್ಲಯ್ಯ, ನಿಮ್ಮಕ್ಕನಿಗೆ ಯಾವ ದೇಶದಲ್ಲಿ ಬಿದ್ದೆ ಅಂತ ಹೇಳಲಿ?"

ಹೇಳುವ ಹಾಗಿರಲಿಲ್ಲ. ಒಂದು ದೇಶದಿಂದ ಹೊರಬಿದ್ದಾಗಿತ್ತು, ಇನ್ನೊಂದಕ್ಕೆ ಸೇರಿರಲಿಲ್ಲ.

ತಜಿಕ್ ಠಾಣೆಯಲ್ಲಿ ವೀಸಾ ಜೊತೆಗೆ ಗೋರ್ನೋ-ಬದಖ್ಶಾನ್ ಪ್ರಾಂತ್ಯದ ಪರ್ಮಿಟ್ ತೋರಿಸಬೇಕಿತ್ತು. ಅದರ ಜೆರಾಕ್ಸ್ ಹತ್ತು ಪ್ರತಿ ಮಾಡಿಸಿ ಇಟ್ಟುಕೊಂಡಿದ್ದೆ. ಇಂಥ ಸಣ್ಣ ವಿಷಯದಲ್ಲಿ ನಾನು ಜಾಣ. ದಾರಿಯುದ್ದಕ್ಕೂ ಚೆಕ್‌ಪೋಸ್ಟ್‌ಗಳು. ಪ್ರತಿಯೊಂದರಲ್ಲೂ ಒಬ್ಬ ಹುಡುಗ ದಪ್ಪ ನೋಟ್‌ಬುಕ್ ತೆಗೆದು ನಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದುಕೊಳ್ಳುತ್ತಾನೆ. ಒಂದು ಪ್ರತಿ ಕೊಟ್ಟರೆ ಅವನಿಗೂ ಸುಖ, ನಮಗೂ ಸುಖ.

ಘಾಟಿ ಇಳಿದು ಒಂದು ಗಂಟೆ. ಆಮೇಲೆ ಕರಕುಲ್ ಸರೋವರ. ಉಲ್ಕೆಯೊಂದು ಬಿದ್ದು ಆದ ಬೃಹತ್ ಕುಳಿಯೊಳಗೆ ಇರುವ ಉಪ್ಪು ನೀರು. ಹೆಸರಿಗೆ ಕಪ್ಪು ಕೆರೆ. ಅವತ್ತು ಅದು ಕಣ್ಣು ಕುಕ್ಕುವ ನೀಲಿ. ದಡದಲ್ಲಿ ಸುಣ್ಣ ಬಳಿದ ಗಿಡ್ಡ ಮನೆಗಳ ಊರು. ಮರ ಅನ್ನುವುದು ಒಂದೂ ಇಲ್ಲ.

ಮೂರೂವರೆ ಗಂಟೆ. ಮೂರು ಮನೆಗಳ ಗೋಡೆಯಲ್ಲಿ 'ಹೋಮ್‌ಸ್ಟೇ' ಅಂತ ಬರೆದಿತ್ತು. ಯಾವುದಕ್ಕೆ ಹೋಗೋದು ಅಂತ ನಾವು ಚರ್ಚೆ ಮಾಡುತ್ತಿರುವಾಗಲೇ ಏಳೆಂಟು ವರ್ಷದ ಹುಡುಗಿಯೊಬ್ಬಳು ಭಾವನ ಬೈಕಿನ ಮುಂದೆ ಬಂದು ನಿಂತಳು. ಏನೂ ಮಾತಾಡಲಿಲ್ಲ. ತಿರುಗಿ ನಡೆದಳು. ಭಾವ ಫಸ್ಟ್ ಗೇರ್‌ನಲ್ಲಿ ಅವಳ ಹಿಂದೆ ಹೊರಟರು. ಚರ್ಚೆ ಮುಗಿಯಿತು. ಆಮೇಲೆ ಎಷ್ಟೋ ಊರುಗಳಲ್ಲಿ ಹೀಗೇ ಆಯಿತು. ನಾವು ಮನೆ ಹುಡುಕಿದ್ದಕ್ಕಿಂತ ಮನೆಯವರೇ ನಮ್ಮನ್ನು ಹುಡುಕಿದ್ದು ಜಾಸ್ತಿ. ನಾವು ಮಾಡಬೇಕಾದ್ದು ಊರ ನಡುವೆ ಎಂಜಿನ್ ಆರಿಸಿ ಐದು ನಿಮಿಷ ಸುಮ್ನೆ ನಿಲ್ಲೋದು.

ಆ ಕೋಣೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಂಚ ಇಲ್ಲ, ಕುರ್ಚಿ ಇಲ್ಲ. ನೆಲ ಪೂರ್ತಿ ಕೆಂಪು ರತ್ನಗಂಬಳಿ. ಒಂದು ಗೋಡೆಗೆ ಹತ್ತಿಯ ಹಾಸಿಗೆಗಳನ್ನು ನನ್ನ ಎದೆ ಎತ್ತರಕ್ಕೆ ಪೇರಿಸಿದ್ದರು, ಹಸಿರು, ಗುಲಾಬಿ, ನೇರಳೆ ಬಣ್ಣದವು. ಅವಕ್ಕೆ ತೋಶೋಕ್ ಅಂತಾರೆ. ಮನೆಯಾಕೆ ಭಾವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಅವರಿಗೆ ಮೂರು ಹಾಸಿದರು. ನನಗೆ ಎರಡು. ಮೂಲೆಯಲ್ಲಿ ಕಬ್ಬಿಣದ ಒಲೆ. ಅದಕ್ಕೆ ಒಣಗಿದ ಸಗಣಿ, ಜೊತೆಗೆ ತೆರೆಸ್ಕೆನ್ ಅನ್ನುವ ಕುರುಚಲು ಗಿಡದ ಬೇರು. ಮರವಿಲ್ಲದ ನಾಡಿನಲ್ಲಿ ಅದೇ ಸೌದೆ. ಬಹಳ ನಿಧಾನಕ್ಕೆ ಬೆಳೆಯುವ ಗಿಡವಂತೆ. ಆಕೆ ಒಂದೊಂದು ಬೇರನ್ನೂ ಮುರಿದು, ಅಳೆದು ಒಲೆಗೆ ಹಾಕುತ್ತಿದ್ದ ರೀತಿ ನೋಡಿದ ಮೇಲೆ ಇನ್ನೊಂದು ಸಲ ಒಲೆ ಹಚ್ಚಿ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಭಾವ 'ಬ್ಯೆಜ್ ಮ್ಯಾಸ' ಅಂದರು. ಆಕೆ ತಲೆಯಾಡಿಸಿ, ಸಾರಿನಿಂದ ಮಾಂಸದ ತುಂಡು ತೆಗೆದು, ಉಳಿದ ಆಲೂಗಡ್ಡೆ ಸಾರನ್ನು ಪ್ರೀತಿಯಿಂದ ಮುಂದಿಟ್ಟರು. ಭಾವ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅವರು ರೊಟ್ಟಿ, ಚಹಾ, ಯಾಕ್ ಹಾಲಿನ ಕೆನೆಯಲ್ಲಿ ಊಟ ಮುಗಿಸಿದರು. ಮುಂದಿನ ಊರಿನಿಂದ ಮೊಟ್ಟೆಯನ್ನು ಸಸ್ಯ ಅಂತ ಒಪ್ಪಿಕೊಂಡರು.

ರಾತ್ರಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಉಸಿರು ನಿಂತ ಹಾಗಾಗಿ ಎಚ್ಚರ. ಸಾರಿ-ತಾಶ್‌ನಲ್ಲಿ ಎರಡು ರಾತ್ರಿ ಕಳೆದಿದ್ದರೂ ತಲೆ ಸಿಡಿಯುತ್ತಿತ್ತು. ಮೂರು ಹಾಸಿಗೆಯ ಮೇಲಿನವರು ಮಾತ್ರ ಗೊರಕೆ ಹೊಡೆಯುತ್ತಿದ್ದರು.

ಐದು, ಆರನೇ ದಿನ: ಮುರ್ಗಾಬ್

ಈ ದಾರಿಯ ಅತಿ ಎತ್ತರದ ಘಾಟಿ ಅಕ್-ಬೈತಾಲ್, 4655 ಮೀಟರ್. ಕಾರ್ಬ್ಯುರೇಟರ್ ಗಾಡಿಗೆ ಅಲ್ಲಿ ನಮ್ಮಷ್ಟೇ ಕಷ್ಟ. ಗಾಳಿ ತೆಳು, ಪೆಟ್ರೋಲ್ ಮಾತ್ರ ಅಷ್ಟೇ ಬೀಳುತ್ತದೆ, ಸೈಲೆನ್ಸರ್‌ನಿಂದ ಕಪ್ಪು ಹೊಗೆ. ಕೊನೆಯ ತಿರುವನ್ನು ಫಸ್ಟ್ ಗೇರ್‌ನಲ್ಲಿ ಹತ್ತಿ ಇಳಿದೆವು.

ಮುರ್ಗಾಬ್ 1893ರಲ್ಲಿ ರಷ್ಯನ್ನರು ಸೈನ್ಯದ ಠಾಣೆಯಾಗಿ ಕಟ್ಟಿದ ಊರು. ಇಲ್ಲಿನ ಬಜಾರ್ ಅಂದರೆ ಸಾಲಾಗಿ ನಿಂತ ಹಡಗಿನ ಕಂಟೇನರ್‌ಗಳು. ಅಲ್ಲಿ ಕ್ಲಚ್ ಲಿವರ್ ಸಿಗಲಿಲ್ಲ. ಮುರಿದ ತುದಿಗೆ ಒಬ್ಬ ಮುದುಕ ರಬ್ಬರ್ ಸುತ್ತಿ ಕೊಟ್ಟ. ಇಡೀ ಪ್ರವಾಸಕ್ಕೆ ಅದೇ ಆಯಿತು.

ಇಲ್ಲಿ ಮನೆ ಸಿಕ್ಕಿತು, ಗೇಟು ಸಿಗಲಿಲ್ಲ. ಅಂಗಳದ ಬಾಗಿಲು ಒಬ್ಬ ಮನುಷ್ಯನಷ್ಟು ಅಗಲ. ಬೈಕು ಬೀದಿಯಲ್ಲಿ ಬಿಡೋಣ, ಏನೂ ಆಗಲ್ಲ ಅಂತ ನಾನು ಸನ್ನೆ ಮಾಡಿದೆ. ಮನೆಯ ಯಜಮಾನ ಒಪ್ಪಲಿಲ್ಲ. ಒಳಗಿನಿಂದ ಪೊರಕೆ ತಂದರು. ಪೊರಕೆಯ ಕೋಲಿನಿಂದ ನನ್ನ ಹ್ಯಾಂಡಲ್ ಅಳೆದು ಹೆಬ್ಬೆರಳು ಒತ್ತಿ ಹಿಡಿದರು. ಹಾಗೇ ನಡೆದು ಹೋಗಿ ಬಾಗಿಲು ಅಳೆದರು. ನಾಲ್ಕು ಬೆರಳು ಕಡಿಮೆ. ಒಂದು ನಿಮಿಷ ಯೋಚಿಸಿದರು. ಹ್ಯಾಂಡಲನ್ನು ಪೂರ್ತಿ ಒಂದು ಕಡೆ ತಿರುಗಿಸಿ, ಮುಂದಿನ ಚಕ್ರವನ್ನು ಓರೆ ಮಾಡಿ ಒಂದು ತುದಿ ಒಳಗೆ ತೂರಿಸಿ, ಆಮೇಲೆ ಇನ್ನೊಂದು ಕಡೆ ತಿರುಗಿಸಿದರು. ಮಂಚವನ್ನು ಕೋಣೆಗೆ ಸಾಗಿಸುವ ಹಾಗೆ. ಪೆಟ್ಟಿಗೆಗಳನ್ನು ಬಿಚ್ಚಿದ್ದೆವು. ಕನ್ನಡಿ ಬಿಚ್ಚಲು ಮರೆತಿದ್ದೆವು. ಒಂದು ಕನ್ನಡಿ ಹೋಯಿತು. ಬೈಕುಗಳು ರಾತ್ರಿ ಕೋಳಿಗೂಡಿನ ಪಕ್ಕ ಮಲಗಿದವು.

ದೂರದ ದಾರಿಯಲ್ಲಿ ಬೈಕ್ ಸವಾರನ ನಿದ್ದೆ ಹಾಸಿಗೆಯಲ್ಲಿ ಇರುವುದಿಲ್ಲ, ಬೈಕ್ ಎಲ್ಲಿದೆಯೋ ಅಲ್ಲಿರುತ್ತದೆ. ಸೈಕಲ್‌ನವರು ಸೈಕಲ್ಲನ್ನು ಕೋಣೆಯೊಳಗೇ ತರುತ್ತಾರೆ. ಕಾರಿನವರು ಕಾರಿನಲ್ಲೇ ಮಲಗುತ್ತಾರೆ. ನಮ್ಮದು ಎರಡೂ ಅಲ್ಲದ ತ್ರಿಶಂಕು ಸ್ಥಿತಿ. ಅದಕ್ಕೇ ಓಶ್‌ನ ಅಜ್ಜಿ ಮೊದಲು ಗೇಟು ತೆಗೆದದ್ದು ನನಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಅಲ್ಲಿಂದ ಮುಂದೆ ಎಲ್ಲೇ ಹೋದರೂ ರೇಟು ಕೇಳುವ ಮೊದಲು ಅಂಗಳ ನೋಡುವ ರೂಢಿಯಾಯಿತು.

ಇನ್ನೊಂದು ವಿಷಯ. ಊಟ ಏಳಕ್ಕೆ ಅಂದಿದ್ದರು. ಆರಕ್ಕೇ ಕರೆದರು. ಬೇಗ ಆಯಿತಲ್ಲ ಅಂದರೆ ಗೋಡೆ ಗಡಿಯಾರ ತೋರಿಸಿದರು. ಏಳು. ಆ ಮನೆಯವರು ಕಿರ್ಗಿಜರು. ಸರ್ಕಾರಿ ಕಚೇರಿಗೆ ದುಶಾಂಬೆ ಟೈಮು, ಮನೆಗೆ ಒಂದು ಗಂಟೆ ಮುಂದಿರುವ ಕಿರ್ಗಿಜ್ ಟೈಮು. ನಮ್ಮ ನಾಲ್ಕು ಗಂಟೆಯ ನಿಯಮ ಯಾವ ಗಡಿಯಾರದ ಪ್ರಕಾರ ಅಂತ ಭಾವ ಕೇಳಿದರು.

ಮರುದಿನ ಅಲ್ಲೇ ಉಳಿದೆವು. ಕಟ್ಟಿಗೆ ಒಲೆಯ ಬಾನ್ಯಾದಲ್ಲಿ, ಅಂದರೆ ರಷ್ಯನ್ ಹಬೆ ಬಚ್ಚಲಲ್ಲಿ, ಭಾವ ಒಂದೂವರೆ ಗಂಟೆ ಕೂತು ಬಂದರು. ಬಿಸಿನೀರಿನ ಬೇಡಿಕೆ ಅಲ್ಲಿಗೆ ತೀರಿತು.

ಏಳನೇ ದಿನ: ಬುಲುಂಕುಲ್

ಹೊರಡುವ ಮೊದಲು ಪೆಟ್ರೋಲ್. ಡ್ರಮ್ಮಿನಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಬಟ್ಟೆ ಕಟ್ಟಿದ ಲಾಳಿಕೆಗೆ, ಅಲ್ಲಿಂದ ಟ್ಯಾಂಕಿಗೆ. ಅಲಿಚುರ್ ದಾಟಿ ಹೆದ್ದಾರಿ ಬಿಟ್ಟು ಎಡಕ್ಕೂ ಬಲಕ್ಕೂ ಗುರುತಿಲ್ಲದ ಬಯಲಲ್ಲಿ ಸ್ವಲ್ಪ ದೂರ. ತಜಿಕಿಸ್ತಾನದಲ್ಲೇ ಅತಿ ಹೆಚ್ಚು ಚಳಿ ದಾಖಲಾದ ಊರಿದು, ಮೈನಸ್ 63 ಡಿಗ್ರಿ. ನಾವು ಹೋದಾಗ ಸೊಳ್ಳೆ ಇದ್ದವು. ಮನೆ ಸಿಕ್ಕಿತು, ಕೆರೆಯ ಮೀನು ಹುರಿದು ಕೊಟ್ಟರು, ನಿದ್ದೆ ಬಂತು. ಬರೆಯುವಂಥದ್ದು ಅಷ್ಟೇ.

ಎಂಟನೇ ದಿನ: ಪಾಮಿರ್ ನದಿಯ ಪಕ್ಕ

ಇವತ್ತು ನಿಯಮ ಮುರಿಯಿತು.

4344 ಮೀಟರ್‌ನ ಖರ್ಗುಶ್ ಘಾಟಿ ಇಳಿದು ಚೆಕ್‌ಪೋಸ್ಟ್ ದಾಟಿದಾಗ ಮೂರು ಗಂಟೆ. ಲಂಗರ್ ಊರಿಗೆ ಇನ್ನು ಎರಡೂವರೆ ಗಂಟೆ ಸಾಕು ಅಂತ ನನ್ನ ಲೆಕ್ಕ. ಅಲ್ಲಿಂದ ಸ್ವಲ್ಪ ದೂರದಲ್ಲಿ ನನ್ನ ಹಿಂದಿನ ಚಕ್ರ ಪಂಕ್ಚರ್. ಟ್ಯೂಬು ತೆಗೆದರೆ ವಾಲ್ವ್ ಬುಡದಲ್ಲೇ ಹರಿದಿತ್ತು. ಹೊಸ ಟ್ಯೂಬು ಹಾಕಿದೆವು. ಹಾಕುವಾಗ ಟೈರ್ ಲಿವರ್‌ನಲ್ಲಿ ಅದನ್ನೂ ಚುಚ್ಚಿದೆ. ಇದನ್ನು ಭಾವ ಇವತ್ತಿಗೂ ಮರೆತಿಲ್ಲ. ಮತ್ತೆ ಬಿಚ್ಚಿ, ಪ್ಯಾಚ್ ಹಾಕಿ, ಕೈಪಂಪಿನಲ್ಲಿ ಗಾಳಿ ಹೊಡೆದು ಮುಗಿಸುವಾಗ ಆರೂವರೆ. ಆ ಎತ್ತರದಲ್ಲಿ ಇಪ್ಪತ್ತು ಸಲ ಪಂಪ್ ಒತ್ತಿದರೆ ಎರಡು ನಿಮಿಷ ಕೂರಬೇಕು.

ಕತ್ತಲಲ್ಲಿ ಆ ದಾರಿ ಬೇಡ ಅಂತ ಇಬ್ಬರಿಗೂ ಒಟ್ಟಿಗೇ ಅನಿಸಿತು. ಕುರಿಗಾಹಿಗಳು ಯಾವಾಗಲೋ ಕಟ್ಟಿದ ಕಲ್ಲಿನ ದೊಡ್ಡಿ ಕಂಡಿತು. ಸೊಂಟದೆತ್ತರದ ಗೋಡೆ, ಮೇಲೆ ಏನೂ ಇಲ್ಲ. ಗಾಳಿಗೆ ಮರೆಯಾದರೆ ಸಾಕು ಅಂತ ಅದರೊಳಗೆ ಡೇರೆ ಹಾಕಿದೆವು. ಕೆಳಗೆ ಪಾಮಿರ್ ನದಿ. ಹೆಸರು ದೊಡ್ಡದು, ಅಲ್ಲಿ ಅದು ಒಂದು ಹಳ್ಳದಷ್ಟೇ. ಆಚೆ ದಡ ಅಫ್ಘಾನಿಸ್ತಾನ. ರಷ್ಯನ್ನರೂ ಬ್ರಿಟಿಷರೂ 1895ರಲ್ಲಿ ಕೂತು ಗಡಿ ಗುರುತು ಮಾಡಿದಾಗ, ತಮ್ಮಿಬ್ಬರ ನಡುವೆ ಒಂದು ಪಟ್ಟಿ ನೆಲ ಇರಲಿ ಅಂತ ಬಿಟ್ಟದ್ದು. ಆ ಪಟ್ಟಿಯ ಮೇಲೆ ಒಬ್ಬ ಮನುಷ್ಯ ಎರಡು ಕತ್ತೆ ಹೊಡೆದುಕೊಂಡು ಹೋಗುತ್ತಿದ್ದ. ನಮ್ಮ ಕಡೆ ನೋಡಿದ. ಭಾವ ಕೈ ಎತ್ತಿದರು. ಅವನೂ ಎತ್ತಿದ.

ಕತ್ತಲಾದ ಮೇಲೆ ಬೂಟಿನ ಸದ್ದು. ಇಬ್ಬರು ಸೈನಿಕರು, ಭುಜದಲ್ಲಿ ಬಂದೂಕು. ಒಬ್ಬನಿಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ನಾನು ಡೇರೆಯಿಂದ ಹೊರಗೆ ಬಂದವನೇ ಭಯಕ್ಕೆ ಒಂದೇ ಸಮನೆ 'ಮೋಝ್ನ ನಚೆವಾತ್? ಮೋಝ್ನ ನಚೆವಾತ್?' ಅಂದೆ. ಬಂದೂಕು ಹಿಡಿದವನ ಹತ್ತಿರ ರೂಮು ಕೇಳಿದ ಹಾಗೆ. ದೊಡ್ಡವನು ನಗು ತಡೆದುಕೊಂಡದ್ದು ಟಾರ್ಚಿನ ಬೆಳಕಲ್ಲಿ ಕಂಡಿತು. ಪಾಸ್‌ಪೋರ್ಟ್, ಪರ್ಮಿಟ್ ನೋಡಿದ. ಜೆರಾಕ್ಸ್ ಕೊಟ್ಟೆ. ಮಡಚಿ ಜೇಬಿಗೆ ಹಾಕಿಕೊಂಡ. ನನ್ನ ಟಾರ್ಚನ್ನು ತಾನೇ ಆರಿಸಿದ. ನದಿಯ ಕಡೆ ಕೈ ತೋರಿಸಿ, ಬೆಂಕಿ ಬೇಡ, ಬೆಳಕು ಬೇಡ ಅಂತ ಸನ್ನೆ ಮಾಡಿದ. ಆಮೇಲೆ ಎರಡು ಕೈ ಜೋಡಿಸಿ ಕೆನ್ನೆಗೆ ಇಟ್ಟುಕೊಂಡು ಮಲಗಿ ಅಂದ. ಭಾವ ಬಿಸ್ಕತ್ ಪೊಟ್ಟಣ ಕೊಟ್ಟರು. ಚಿಕ್ಕವನು ಇಸ್ಕೊಂಡ.

ಅವರು ಹೋದ ಮೇಲೆ ತುಂಬಾ ಹೊತ್ತು ಇಬ್ಬರೂ ಮಾತಾಡಲಿಲ್ಲ. ಬಾಟಲಿಯ ನೀರು ಬೆಳಗಿನ ಹೊತ್ತಿಗೆ ಗಟ್ಟಿಯಾಗಿತ್ತು. ನೆಲದಲ್ಲಿ ಕಲ್ಲು ಒತ್ತುತ್ತಿತ್ತು.

"ನಿಮ್ಮಕ್ಕನಿಗೆ ಇದು ಗೊತ್ತಾಗಬಾರದು," ಅಂದರು ಭಾವ.

ಒಂಬತ್ತನೇ ದಿನ: ಲಂಗರ್

ಬೆಳಿಗ್ಗೆ ಹತ್ತೂವರೆಗೇ ಲಂಗರ್ ಸೇರಿ ಅಲ್ಲೇ ನಿಲ್ಲಿಸಿಬಿಟ್ಟೆವು. ನಾಲ್ಕು ಗಂಟೆ ಬರಲಿ ಅಂತ ಕಾಯುವ ಶಕ್ತಿ ಯಾರಿಗೂ ಇರಲಿಲ್ಲ.

ಒಂದು ವಾರದಿಂದ ಮಣ್ಣು ಬಣ್ಣವನ್ನೇ ನೋಡಿದ ಕಣ್ಣಿಗೆ ಹಸಿರು ಹೊಡೆದ ಹಾಗಾಯಿತು. ಗೋಧಿ ಗದ್ದೆ, ಪಾಪ್ಲರ್ ಮರದ ಸಾಲು, ಕಾಲುವೆಯ ಸದ್ದು, ಏಪ್ರಿಕಾಟ್. ಪಾಮಿರ್ ನದಿಯೂ ವಖಾನ್ ನದಿಯೂ ಇಲ್ಲಿ ಕೂಡಿ ಪಂಜ್ ನದಿಯಾಗುತ್ತವೆ. ಎತ್ತರ ಮೂರು ಸಾವಿರಕ್ಕಿಂತ ಕೆಳಗೆ ಬಂದಿತ್ತು. ಮೂಗಿಗೆ ಗಾಳಿ ತುಂಬುತ್ತಿತ್ತು.

ನಾವು ಇಳಿದದ್ದು ಹಳೇ ಪಾಮಿರಿ ಮನೆ. ಹೊರಗಿನಿಂದ ಸಾಧಾರಣ ಮಣ್ಣಿನ ಪೆಟ್ಟಿಗೆ. ಒಳಗೆ ಕಾಲಿಟ್ಟರೆ ಒಂದೇ ದೊಡ್ಡ ಹಜಾರ, ಸುತ್ತ ಎತ್ತರದ ಜಗಲಿ, ಐದು ಮರದ ಕಂಬ. ಮನೆಯ ಮಗಳು ಶಾಲೆ ಟೀಚರ್, ಇಂಗ್ಲಿಷ್ ಬರುತ್ತಿತ್ತು. ಪ್ರತಿ ಕಂಬಕ್ಕೂ ಹೆಸರಿದೆ ಅಂದಳು: ಮುಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್. ಕೊನೆಯ ಎರಡು ಅಣ್ಣತಮ್ಮಂದಿರು, ಅದಕ್ಕೇ ಆ ಕಂಬಗಳನ್ನು ಮೇಲೆ ಒಂದು ಕೆತ್ತನೆಯ ತೊಲೆ ಜೋಡಿಸಿತ್ತು. ಇಲ್ಲಿಯವರು ಇಸ್ಮಾಯಿಲಿಗಳು, ಅಂದರೆ ಶಿಯಾ ಮುಸ್ಲಿಮರ ಒಂದು ಪಂಗಡ. ಗೋಡೆಯಲ್ಲಿ ಅವರ ಧರ್ಮಗುರು ಆಗಾ ಖಾನ್ ಚಿತ್ರ ಇತ್ತು. ಚಾವಣಿಯ ನಡುವೆ ಒಂದರ ಮೇಲೊಂದು ತಿರುಗಿಸಿ ಇಟ್ಟ ನಾಲ್ಕು ಚೌಕಗಳ ಬೆಳಕಿಂಡಿ. ಮಣ್ಣು, ನೀರು, ಗಾಳಿ, ಬೆಂಕಿ.

ಮಧ್ಯಾಹ್ನ ಆ ಜಗಲಿ ಮೇಲೆ ಒರಗಿದೆವು. ಇಲ್ಲಿ ಹಾಸಿಗೆಗೆ ಕುರ್ಪಾಚಾ ಅಂತಾರೆ. ಬೆಳಕಿಂಡಿಯ ಬಿಸಿಲು ಚೌಕವಾಗಿ ಕಂಬಳಿ ಮೇಲೆ ಬಿದ್ದಿತ್ತು. ಅದು ನನ್ನ ಪಾದದಿಂದ ಶುರುವಾಗಿ, ಭಾವನ ಹೊಟ್ಟೆ ದಾಟಿ, ಅಲಿ ಕಂಬದ ಬುಡಕ್ಕೆ ಹೋಗುವವರೆಗೆ ನಾನು ನೋಡುತ್ತಲೇ ಇದ್ದೆ. ಎಂಟು ದಿನದಲ್ಲಿ ಹೀಗೆ ಏನೂ ಮಾಡದೆ ಬಿದ್ದಿದ್ದು ಅದೇ ಮೊದಲು. ಅಲ್ಲಿವರೆಗೆ ತಂಗುವುದು ಅಂದರೆ ಮರುದಿನಕ್ಕೆ ತಯಾರಿ ಆಗಿತ್ತು. ಚೈನಿಗೆ ಎಣ್ಣೆ, ಫೋನಿಗೆ ಚಾರ್ಜು, ಬೆಳಿಗ್ಗೆ ಆರಕ್ಕೆ ಅಲಾರಂ. ನಾಲ್ಕು ಗಂಟೆಗೆ ನಿಲ್ಲಿಸು ಅಂದವನು ಹಳ್ಳದ ನೀರು, ಗಾಳಿ ಅಂತೆಲ್ಲ ಕಾರಣ ಕೊಟ್ಟಿದ್ದ. ಈ ಬಿಸಿಲ ಚೌಕದ ಬಗ್ಗೆ ಹೇಳಿರಲಿಲ್ಲ.

ಉಪ್ಪು ಹಾಕಿದ ಹಾಲಿನ ಚಹಾದಲ್ಲಿ ರೊಟ್ಟಿ ಮುರಿದು ಹಾಕಿ ಕೊಟ್ಟರು, ಶೀರ್-ಚಾಯ್. ಭಾವ ಮೂರು ಬಟ್ಟಲು ಕುಡಿದರು. ಕೊನೆಗೂ ಮಾಂಸ ಇಲ್ಲದ ಒಂದು ಊಟ.

ಹತ್ತು, ಹನ್ನೊಂದನೇ ದಿನ: ಇಶ್ಕಾಶಿಮ್, ಖೊರೋಗ್

ಇಶ್ಕಾಶಿಮ್‌ನಲ್ಲಿ ಒಂದು ರಾತ್ರಿ, ಶಿಸ್ತಾದ ಗೆಸ್ಟ್‌ಹೌಸ್. ಯಾವ ನೆನಪೂ ಉಳಿದಿಲ್ಲ.

ಖೊರೋಗ್, ಗೋರ್ನೋ-ಬದಖ್ಶಾನ್ ಪ್ರಾಂತ್ಯದ ರಾಜಧಾನಿ. ಎಟಿಎಂ, ಪಾರ್ಕು, ವಿಶ್ವವಿದ್ಯಾಲಯ, ಕಾಫಿ ಎಲ್ಲ ಇದೆ. ಇಲ್ಲಾದರೂ ಭಾವನ ಆಸೆ ತೀರಲಿ ಅಂತ ನಾಲ್ಕು ಕಡೆ ವಿಚಾರಿಸಿ, ಕಮೋಡು ಕಣ್ಣಾರೆ ನೋಡಿ ರೂಮು ಹಿಡಿದೆ. ಬಿಳಿ, ಹೊಳೆಯುವ ಕಮೋಡು. ಭಾವ ಟವೆಲ್ ಹೆಗಲಿಗೆ ಹಾಕಿಕೊಂಡು ಮದುವೆ ಮನೆಗೆ ಹೋಗುವ ಗತ್ತಿನಲ್ಲಿ ಒಳಗೆ ಹೋದರು. ಎರಡು ನಿಮಿಷಕ್ಕೆ ಬಾಗಿಲು ತೆಗೆದು ತಲೆ ಹೊರಗೆ ಹಾಕಿದರು.

"ನೀರು ನೋಡಿದ್ಯಾ?"

ನೋಡಿರಲಿಲ್ಲ. ನಲ್ಲಿಯಲ್ಲಿ ನೀರು ನಿಂತು ಎರಡು ದಿನ ಆಗಿತ್ತಂತೆ. ಬೆಳಿಗ್ಗೆ ಬರುತ್ತದೆ ಅಂದರು. ಬೆಳಿಗ್ಗೆಯೂ ಬರಲಿಲ್ಲ. ಸಾರಿ-ತಾಶ್, ಕರಕುಲ್‌ನ ಹಲಗೆ ಗೂಡುಗಳಲ್ಲಿ ಈ ಗೊಡವೆಯೇ ಇರಲಿಲ್ಲ ಅಂತ ಭಾವ ಮೊದಲ ಸಲ ಒಪ್ಪಿಕೊಂಡರು.

ಹನ್ನೆರಡನೇ ದಿನ: ಕಲೈ-ಖುಮ್

240 ಕಿಲೋಮೀಟರ್, ಇಡೀ ದಿನ. ಪಂಜ್ ನದಿಯ ಅಂಚಿನಲ್ಲಿ ಗುಂಡಿ, ಧೂಳು, ಎದುರಿಗೆ ಸಾಲು ಸಾಲು ಲಾರಿ. ನಾಲ್ಕಕ್ಕೆ ನಿಲ್ಲಿಸಬಹುದಿತ್ತು, ದಾರಿಯಲ್ಲಿ ಊರೂ ಇತ್ತು. ಸೈನಿಕರ ನೆನಪು ಹಳೆಯದಾಗಿತ್ತು ಅಂತ ಕಾಣುತ್ತದೆ, ಇನ್ನೊಂದು ಸ್ವಲ್ಪ ಅಂತ ಹೊಡೆದೆವು. ಕಲೈ-ಖುಮ್ ಸೇರಿದಾಗ ಏಳು. ಎರಡು ತಂಡ ಜೀಪ್ ಪ್ರವಾಸಿಗರು ಮೊದಲೇ ಬಂದಿದ್ದರು. ಆರು ಮನೆ ಕೇಳಿದೆವು, ಆರೂ ಭರ್ತಿ.

ಹೊಳೆ ಪಕ್ಕದ ಚಾಯ್‌ಖಾನಾದಲ್ಲಿ ಮೊಟ್ಟೆ, ಟೊಮೆಟೊ ತಿಂದು ಸುಮ್ಮನೆ ಕೂತಿದ್ದೆವು. ಹುಡುಗ ಮೇಜು ಒರೆಸಿ, ದೀಪ ಆರಿಸುತ್ತಾ ಬಂದ. ನಾನು ನನ್ನ ಎರಡು ಪದ ಹೇಳಿದೆ. ಅವನು ನಾವು ಕೂತಿದ್ದ ಟಾಪ್ಚಾನನ್ನೇ ತಟ್ಟಿ ತೋರಿಸಿ, ಒಳಗಿನಿಂದ ಎರಡು ಕುರ್ಪಾಚಾ ತಂದು ಎಸೆದ. ದುಡ್ಡು ಕೇಳಲಿಲ್ಲ, ಊಟದ ಬಿಲ್ಲಷ್ಟೇ. ಬೈಕುಗಳು ಕಾಲ ಹತ್ತಿರ. ಟಾಪ್ಚಾನಿನ ಅರ್ಧ ಭಾಗ ನೀರಿನ ಮೇಲೆ ಚಾಚಿತ್ತು. ಹೊಳೆಯ ಸದ್ದಿನಲ್ಲಿ ಲಾರಿ ಸದ್ದು ಕೇಳುತ್ತಿರಲಿಲ್ಲ. ಭಾವನ ಗೊರಕೆಯೂ ಕೇಳಲಿಲ್ಲ, ಇಡೀ ಪ್ರವಾಸದಲ್ಲಿ ಅದೊಂದೇ ರಾತ್ರಿ.

ಹದಿಮೂರನೇ ದಿನ: ದುಶಾಂಬೆ

ಕುಲೋಬ್ ಮೇಲಿನ ದಾರಿ. ಒಳ್ಳೆ ಡಾಂಬರು, ಕೆಟ್ಟ ಸೆಕೆ. ಬೈಕು ವಾಪಸ್ ಕೊಡುವಾಗ ಕನ್ನಡಿಗೂ ಕ್ಲಚ್ ಲಿವರ್‌ಗೂ ದುಡ್ಡು ಹಿಡಿದುಕೊಂಡರು. ಮುದುಕ ಸುತ್ತಿದ ರಬ್ಬರನ್ನು ಭಾವ ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಹಾಸ್ಟೆಲ್‌ನ ಅಂಗಳ ತುಂಬ ಸೈಕಲ್ಲು, ಬೈಕು, ಒಗೆದು ಹರವಿದ ಬಟ್ಟೆ. ಕಮೋಡು ಇತ್ತು. ನೀರೂ ಇತ್ತು. ಸ್ನಾನ ಮಾಡಿ ಬಂದು ಕೂತಾಗ ಮರುದಿನ ಪಾಮಿರ್ ಕಡೆ ಹೊರಡುವ ಸೈಕಲ್ ಸವಾರಳೊಬ್ಬಳು ಬಂದಳು. ಕರಕುಲ್‌ನಲ್ಲಿ ಎಲ್ಲಿ ಇಳಿದಿರಿ ಅಂತ ಕೇಳಿದಳು. ನಾನು ಫೋನ್ ತೆಗೆದು ಮ್ಯಾಪ್ ಹುಡುಕತೊಡಗಿದೆ. ಭಾವ ನನ್ನ ಚೀಲದಿಂದ ಉಳಿದಿದ್ದ ಒಂದು ಪರ್ಮಿಟ್ ಜೆರಾಕ್ಸ್ ಎಳೆದು, ಅದರ ಹಿಂದೆ ಪೆನ್ನಿನಲ್ಲಿ ಕೆರೆ ಬರೆದರು, ರಸ್ತೆ ಬರೆದರು, ಊರ ನಡುವೆ ಒಂದು ಚುಕ್ಕೆ ಇಟ್ಟರು.

"ಇಲ್ಲಿ ನಿಂತ್ಕೊಳ್ಳಬೇಕು ಅಂತ ಹೇಳು. ಸಣ್ಣ ಹುಡುಗಿ ಬರ್ತಾಳೆ ಅಂತ ಹೇಳು. ನಾಲ್ಕು ಗಂಟೆ ಒಳಗೆ."

ನಾನು ಹೇಳಿದೆ. ಆಕೆ ಕಾಗದ ಮಡಚಿಕೊಂಡು, ಅಲ್ಲಿ ಟಾಯ್ಲೆಟ್ ಹೇಗಿದೆ ಅಂತ ಕೇಳಿದಳು. ನಾನು ಭಾವನ ಕಡೆ ನೋಡಿದೆ.

"ತುಂಬಾ ಚೆನ್ನಾಗಿದೆ ಅಂತ ಹೇಳು," ಅಂದರು ಭಾವ.